ಮಗುವಿನ ಒಂದೇ ಕೈ ಚುರುಕಾಗಿದ್ದರೆ

‘ನಮ್ಮ ಪಾಪು ಎಡಚ ಅನ್ಸುತ್ತೆ’ ಎಂದು ಆರೇಳು ತಿಂಗಳ ಮಗುವಿನ ಬಗ್ಗೆ ಮನೆಯವರು ಖುಷಿಯಿಂದ ಹೇಳುವುದುಂಟು. ಗಿಲಕಿಯನ್ನು ಬಲಗಡೆ ಹಿಡಿದರೂ ಮಗು ಮೈ ತಿರುಗಿಸಿ ಎಡಗೈಯನ್ನೇ ಚಾಚುತ್ತದೆ. ಆದರೆ ಈ ವಯಸ್ಸಿನಲ್ಲಿ ಮಕ್ಕಳು ಸಾಮಾನ್ಯವಾಗಿ ಎರಡೂ ಕೈಗಳನ್ನು ಸಮನಾಗಿ ಬಳಸುತ್ತವೆ. ವರ್ಷ ತುಂಬುವ ಮೊದಲೇ ಒಂದು ಕೈ ಮಾತ್ರ ಮುಂದೆ ಬರುತ್ತಿದ್ದರೆ, ನೋಡಬೇಕಾದದ್ದು ಸುಮ್ಮನಿರುವ ಇನ್ನೊಂದು ಕೈಯನ್ನು. ಅದು ಸದಾ ಮುಷ್ಟಿ ಕಟ್ಟಿಕೊಂಡಿದೆಯಾ? ಹೆಬ್ಬೆರಳು ಮುಷ್ಟಿಯೊಳಗೇ ಮಡಚಿಕೊಂಡಿದೆಯಾ? ಹಾಗಿದ್ದರೆ ಅದು ಸೆರೆಬ್ರಲ್ ಪಾಲ್ಸಿಯ ಮೊದಲ ಸುಳಿವಾಗಿರಬಹುದು.

ಬೆಳೆಯುತ್ತಿರುವ ಮೆದುಳಿಗೆ ಪೆಟ್ಟು ಬಿದ್ದು, ಮೈಯ ಚಲನೆ ಹಿಡಿತಕ್ಕೆ ಸಿಗದೇ ಹೋಗುವ ಸ್ಥಿತಿ ಇದು. ಅವಧಿಗೆ ಮುಂಚೆ ಹುಟ್ಟಿದ್ದು, ಹೆರಿಗೆ ಹೊತ್ತಿನಲ್ಲಿ ಆಮ್ಲಜನಕ ಸಿಗದೇ ಇದ್ದದ್ದು, ವಿಪರೀತ ಕಾಮಾಲೆ, ಮೆದುಳಿನ ಸೋಂಕು ಹೀಗೆ ಕಾರಣಗಳು ಹಲವು. ಎಷ್ಟೋ ಮಕ್ಕಳಲ್ಲಿ ಹೆರಿಗೆ ಸಲೀಸಾಗಿಯೇ ಆಗಿರುತ್ತದೆ. ತಾಯಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಕಾಲು ಚಾಚಿ ಕೂತು ಮಗುವನ್ನು ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕುವ ಅಜ್ಜಿಯ ಕೈಗೆ ಇಂಥ ವ್ಯತ್ಯಾಸ ಎಲ್ಲರಿಗಿಂತ ಮೊದಲು ತಿಳಿಯಬಹುದು. ಲಂಗೋಟಿ ಕಟ್ಟಲು ತೊಡೆ ಅಗಲಿಸಿದರೆ ಬಿಗಿ. ಎತ್ತಿ ಹಿಡಿದರೆ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಹೋಗುತ್ತವೆ. ಕೆಲವು ಮಕ್ಕಳು ಇದಕ್ಕೆ ಉಲ್ಟಾ, ಮೈಯೆಲ್ಲ ಸಡಿಲ. ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದಿದ್ದರೆ, ಒಂಬತ್ತಾದರೂ ಆಸರೆಯಿಲ್ಲದೆ ಕೂರದಿದ್ದರೆ ತೋರಿಸಲೇಬೇಕು. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಾದರೆ ಆ ಎರಡು ತಿಂಗಳು ಕಳೆದು ಲೆಕ್ಕ ಹಾಕಿ.

ಇನ್ನೂ ಬೇಗ ತಿಳಿಯುವ ದಾರಿಯೂ ಇದೆ. ಮೂರರಿಂದ ಐದು ತಿಂಗಳ ನಡುವೆ, ಎಚ್ಚರವಾಗಿ ಆರಾಮಾಗಿ ಮಲಗಿರುವ ಮಗುವಿನ ಕತ್ತು, ಮಣಿಕಟ್ಟು, ಕಣಕಾಲುಗಳಲ್ಲಿ ಎಲ್ಲ ದಿಕ್ಕಿಗೂ ಸಣ್ಣಸಣ್ಣ ಚಲನೆ ಸತತವಾಗಿ ಇರುತ್ತದೆ. ಆಸ್ಟ್ರಿಯಾದ ವೈದ್ಯ ಹೈಂಜ್ ಪ್ರೆಕ್ಟಲ್ ಈ ಚಲನೆಯನ್ನು ಓದುವ ಪರೀಕ್ಷೆ ರೂಪಿಸಿದರು. ಸೂಜಿಯಿಲ್ಲ, ಯಂತ್ರವಿಲ್ಲ, ಕೆಲವು ನಿಮಿಷದ ವಿಡಿಯೊ ಸಾಕು. ಆ ಚಲನೆ ಇಲ್ಲದಿದ್ದರೆ ಅಪಾಯ ಜಾಸ್ತಿ ಎಂದು ತರಬೇತಿ ಪಡೆದವರು ಗುರುತಿಸುತ್ತಾರೆ. ಇದರ ಜೊತೆಗೆ ನರಗಳ ತಪಾಸಣೆ ಮತ್ತು ಎಂಆರ್‌ಐ ಸೇರಿಸಿದರೆ, ಅಪಾಯದಲ್ಲಿರುವ ಮಗುವನ್ನು ಐದು ತಿಂಗಳೊಳಗೇ ಗುರುತಿಸಬಹುದು ಎಂದು 2017ರಲ್ಲಿ ಹಲವು ದೇಶಗಳ ತಜ್ಞರು ಒಟ್ಟಾಗಿ ಹೇಳಿದರು. ಅದಕ್ಕೂ ಮುಂಚೆ ವರ್ಷವೋ ಎರಡು ವರ್ಷವೋ ಕಾಯುವುದೇ ರೂಢಿಯಾಗಿತ್ತು.

‘ಅವರಪ್ಪನೂ ತಡವಾಗಿಯೇ ನಡೆದಿದ್ದು, ಬಿಡಿ’ ಎಂಬ ಮಾತು ನನಗೆ ಸಂಕಟ ತರುತ್ತದೆ. ಮೆದುಳಿಗೆ ಬಿದ್ದ ಪೆಟ್ಟು ವಾಸಿಯಾಗುವುದಿಲ್ಲ, ನಿಜ. ಆದರೆ ಎಳೆಯ ಮೆದುಳು ಹೊಸ ದಾರಿ ಕಲಿಯುವುದರಲ್ಲಿ ಬಲು ಚುರುಕು. ಖಚಿತವಾಗುವವರೆಗೆ ಕಾಯದೆ, ಅನುಮಾನ ಬಂದಾಗಲೇ ಫಿಸಿಯೊಥೆರಪಿ ಶುರು ಮಾಡಬಹುದು.

ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗನೆ ಗುರುತಿಸಿ ನೆರವಾಗಲು ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಎಂಬ ಕೇಂದ್ರಗಳಿವೆ. ಅಲ್ಲಿ ತಪಾಸಣೆ ಉಚಿತ. ದಾರಿ ಗೊತ್ತಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವಾಗ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಜೊತೆಗೆ ಮಗು ಅಂಗಾತ ಮಲಗಿ ಕೈಕಾಲು ಆಡಿಸುತ್ತಿರುವ ಒಂದು ಮೊಬೈಲ್ ವಿಡಿಯೊ ಇರಲಿ.