ತಂಪು ಮಾಡುವುದು ಬೂದಿಯಲ್ಲ, ಗಂಧಕ

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದು, ಮರುದಿನ ರಾತ್ರಿ ಅದರ ಬೂದಿ ಮೋಡ ದೆಹಲಿಯ ಆಕಾಶಕ್ಕೆ ಬಂತು. ಇಂಥ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನಲ್ಲೂ ಅದೇ ಆತಂಕ: ನಾವು ಉಸಿರಾಡುವ ಗಾಳಿಗೂ ಬೂದಿ ಸೇರುತ್ತದೆಯೇ? ಆ ಮೋಡ ವಿಮಾನಗಳು ಹಾರುವ ಎತ್ತರದಲ್ಲಿ ಉತ್ತರ ಭಾರತವನ್ನು ದಾಟಿ ಚೀನಾದ ಕಡೆ ಹೋಯಿತು. ಅಪಾಯವಿದ್ದದ್ದು ವಿಮಾನಗಳಿಗೆ. ಜ್ವಾಲಾಮುಖಿಯ ಬೂದಿಯೆಂದರೆ ಕಲ್ಲು, ಗಾಜಿನ ಪುಡಿ; ಜೆಟ್ ಎಂಜಿನ್ನಿನ ಬಿಸಿಗೆ ಕರಗಿ ಒಳಗೆ ಅಂಟಿಕೊಳ್ಳುತ್ತದೆ. 1982ರಲ್ಲಿ ಇಂಡೊನೇಷ್ಯಾದ ಗಲುಂಗುಂಗ್ ಬೂದಿಗೆ ಸಿಕ್ಕ ಬೋಯಿಂಗ್ 747ರ ನಾಲ್ಕೂ ಎಂಜಿನ್ ನಿಂತುಹೋಗಿದ್ದವು.

ಆದರೆ ಬೂದಿ ಬೇಗ ಉದುರುತ್ತದೆ. ಭೂಮಿಯನ್ನು ವರ್ಷಗಟ್ಟಲೆ ತಂಪಾಗಿಸುವುದು ಗಂಧಕದ ಡೈಆಕ್ಸೈಡ್, ಅದೂ ವಾಯುಮಂಡಲದ ಎರಡನೇ ಪದರ ತಲುಪಿದರೆ ಮಾತ್ರ. ಉಷ್ಣವಲಯದಲ್ಲಿ ಅದು ಶುರುವಾಗುವುದು 16–17 ಕಿಲೋಮೀಟರ್ ಮೇಲೆ. ಅದರ ಕೆಳಗಿನದನ್ನು ಮಳೆ ತೊಳೆದುಬಿಡುತ್ತದೆ. ಮೇಲೆ ಮಳೆಯೇ ಇಲ್ಲ. ಅಲ್ಲಿ ಅನಿಲ ವಾರಗಳಲ್ಲಿ ಸಲ್ಫ್ಯೂರಿಕ್ ಆಮ್ಲದ ಹನಿಗಳಾಗುತ್ತದೆ: ಸುಮಾರು ಮುಕ್ಕಾಲು ಪಾಲು ಆಮ್ಲ, ಕಾಲು ಪಾಲು ನೀರು.

ಸೊಗಸೆಲ್ಲ ಇರುವುದು ಹನಿಯ ಗಾತ್ರದಲ್ಲಿ. ಅದು ಸುಮಾರು ಅರ್ಧ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಹನಿ ಬಿಸಿಲನ್ನು ಜೋರಾಗಿ ಚದುರಿಸಿ ಒಂದು ಪಾಲನ್ನು ಹೊರಕ್ಕೆ ಕಳಿಸುತ್ತದೆ. ಭೂಮಿ ಹೊರಸೂಸುವ ಶಾಖದ ತರಂಗಾಂತರ 10 ಮೈಕ್ರಾನಿನ ಆಸುಪಾಸು. ಅದರ ಬಹುಪಾಲು ಹನಿಗಳ ನಡುವೆ ಪಾರಾಗುತ್ತದೆ. ಗಂಧಕ ಮಿತಿಮೀರಿದರೆ ಹನಿಗಳು ಕೂಡಿ ದಪ್ಪಗಾಗುತ್ತವೆ, ಬೇಗ ಬೀಳುತ್ತವೆ, ಶಾಖವನ್ನೂ ಹೆಚ್ಚು ಹಿಡಿಯುತ್ತವೆ. ಗಂಧಕ ಎರಡು ಪಟ್ಟಾದರೆ ತಂಪೂ ಎರಡು ಪಟ್ಟಾಗದಿರುವುದು ಇದಕ್ಕೇ.

1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಟೂಬೊ ಜ್ವಾಲಾಮುಖಿ ಒಂದೂವರೆಯಿಂದ ಎರಡು ಕೋಟಿ ಟನ್ ಈ ಅನಿಲ ಉಗುಳಿತು. ಮರುವರ್ಷ ಜಗತ್ತಿನ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಇಳಿಯಿತು, ನೆಲದ ಮೇಲಿನ ಮಳೆಯೂ ತಗ್ಗಿತು. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಜ್ವಾಲಾಮುಖಿಯ ಬಿರುಕು ಎಂಟು ತಿಂಗಳಲ್ಲಿ ಸುಮಾರು 12 ಕೋಟಿ ಟನ್ ಹೊರಹಾಕಿತ್ತು. ಅದರಲ್ಲಿ ಬಹಳಷ್ಟು ಕೆಳಗಿನ ಪದರದಲ್ಲೇ ಉಳಿದು, ಯುರೋಪಿನ ಜನ ತಿಂಗಳುಗಟ್ಟಲೆ ಗಂಧಕದ ಮಂಜನ್ನು ಉಸಿರಾಡಬೇಕಾಯಿತು. ಐಸ್‌ಲ್ಯಾಂಡಿನಲ್ಲಿ ಹುಲ್ಲಿಗೆ ಜ್ವಾಲಾಮುಖಿಯ ವಿಷಕಾರಿ ಫ್ಲೋರಿನ್ ಸೇರಿ ಅರ್ಧಕ್ಕಿಂತ ಹೆಚ್ಚು ದನಕುರಿಗಳು ಸತ್ತವು. ಹಿಂದೆಯೇ ಬಂದ ಕ್ಷಾಮದಲ್ಲಿ ಅಲ್ಲಿನ ಐದರಲ್ಲೊಂದು ಪಾಲು ಜನ ಸತ್ತರು.

ಮುಂದೆ ಇಂಥ ಮೋಡದ ಸುದ್ದಿ ಬಂದರೆ ಗಾಳಿಯ ಗುಣಮಟ್ಟ ತೋರಿಸುವ ಸರ್ಕಾರಿ ಸಮೀರ್ ಆಪ್‌ನಲ್ಲಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಅಥವಾ ಪೀಣ್ಯ ಕೇಂದ್ರ ತೆರೆದು, ಒಟ್ಟು ಸೂಚ್ಯಂಕದ ಜೊತೆ ಗಂಧಕದ ಡೈಆಕ್ಸೈಡ್ ಅಂಕಿಯನ್ನೂ ನೋಡಿ. 24 ಗಂಟೆಗೆ ಅದರ ಮಿತಿ ಘನ ಮೀಟರಿಗೆ 80 ಮೈಕ್ರೋಗ್ರಾಂ, ಪಿಎಂ 2.5ಕ್ಕೆ (2.5 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ) 60. ಗಂಧಕ ಇದ್ದಲ್ಲೇ ಇದ್ದು ಪಿಎಂ 2.5 ಮಾತ್ರ ಏರಿದ್ದರೆ, ಮೊದಲು ಅನುಮಾನಿಸಬೇಕಾದ್ದು ವಾಹನದ ಹೊಗೆ, ಕಟ್ಟಡದ ಧೂಳು, ಬೀದಿಬದಿಯಲ್ಲಿ ಸುಡುವ ಕಸ.