ಪದ ಪರಿಚಯ: ಒನ್ ಟರ್ಮ್ ಕಾಂಗ್ರೆಸ್‌ಮನ್

ಅಮೆರಿಕದ ರಾಜಕೀಯದ ಬಗ್ಗೆ ಓದುವಾಗ ‘ಒನ್ ಟರ್ಮ್ ಕಾಂಗ್ರೆಸ್‌ಮನ್’ ಅನ್ನುವ ಮಾತು ಆಗಾಗ ಸಿಗುತ್ತದೆ. ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷವಲ್ಲ, ಅಲ್ಲಿನ ಸಂಸತ್ತು. ಅದರ ಕೆಳಮನೆ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್. ನಮ್ಮ ಲೋಕಸಭೆಯ ಅವಧಿ ಐದು ವರ್ಷವಾದರೆ ಅಲ್ಲಿ ಎರಡೇ ವರ್ಷ. ಒಮ್ಮೆ ಗೆದ್ದು, ಆ ಎರಡು ವರ್ಷ ಮುಗಿಸಿ, ಮತ್ತೆ ಆ ಮನೆಗೆ ಬಾರದವರಿಗೆ ಈ ಹೆಸರು.

ಈ ಮಾತು ಕೇಳಿದ ಕೂಡಲೇ ‘ಜನ ತಿರಸ್ಕರಿಸಿದವರು’ ಅಂತ ಅನ್ನಿಸುತ್ತದೆ. ಕೆಲವರ ವಿಷಯದಲ್ಲಿ ಅದು ನಿಜ. ಪೆನ್ಸಿಲ್ವೇನಿಯಾದ ಮಾರ್ಜರಿ ಮಾರ್ಗೋಲೀಸ್ ಮೆಜ್ವಿನ್ಸ್ಕಿ 1992ರಲ್ಲಿ ಗೆದ್ದರು. ಮರುವರ್ಷ ಅಧ್ಯಕ್ಷ ಕ್ಲಿಂಟನ್ ಅವರ ಬಜೆಟ್ ಮಸೂದೆ 218–216ರಲ್ಲಿ ಪಾಸಾಗಲು ಅವರ ಮತವೇ ಬೇಕಾಯಿತು. ಎದುರು ಪಕ್ಷದವರು ಸದನದಲ್ಲೇ ‘ಗುಡ್‌ಬೈ ಮಾರ್ಜರಿ’ ಎಂದು ಕೂಗಿದರು. 1994ರಲ್ಲಿ ಅವರು ಸೋತರು.

ಆದರೆ ಈ ಪಟ್ಟಿಯ ಅತಿ ದೊಡ್ಡ ಹೆಸರು ಸೋತು ಹೊರಬಿದ್ದವರದಲ್ಲ. ಅದು ಅಬ್ರಹಾಂ ಲಿಂಕನ್ ಅವರದು.

ಆಗ ಲಿಂಕನ್ ಆ ಕಾಲದ ಎರಡು ದೊಡ್ಡ ಪಕ್ಷಗಳಲ್ಲಿ ಒಂದಾದ ವಿಗ್ ಪಕ್ಷದಲ್ಲಿದ್ದರು. ಇಲಿನಾಯ್‌ನಲ್ಲಿ ಆ ಪಕ್ಷ ಗೆಲ್ಲಬಹುದಾಗಿದ್ದ ಕ್ಷೇತ್ರ ಒಂದೇ, ಆಸೆಪಟ್ಟವರು ಹಲವರು. ಹಾಗಾಗಿ ಸರದಿ ನಡೆಯಿತು: ಮೊದಲು ಜಾನ್ ಹಾರ್ಡಿನ್, ಆಮೇಲೆ ಎಡ್ವರ್ಡ್ ಬೇಕರ್, ನಂತರ ಲಿಂಕನ್. ಹಾರ್ಡಿನ್‌ಗೆ ಮತ್ತೆ ನಿಲ್ಲುವ ಮನಸ್ಸಿತ್ತು. ಲಿಂಕನ್ ಸರದಿಯ ಮಾತನ್ನೇ ಹಿಡಿದು ಟಿಕೆಟ್ ಪಡೆದರು. 1846ರಲ್ಲಿ ಪಾದ್ರಿ ಪೀಟರ್ ಕಾರ್ಟ್‌ರೈಟ್ ಅವರನ್ನು ಸೋಲಿಸಿದರು. ಹಾಗೆ ಬಂದವರು ಎರಡನೇ ಸಲ ನನಗೇ ಕೊಡಿ ಅನ್ನುವುದು ಹೇಗೆ, ಅಲ್ವಾ?

ಸಿಕ್ಕಿದ ಎರಡು ವರ್ಷದಲ್ಲಿ ಅವರು ಸುಮ್ನೆ ಕೂರಲಿಲ್ಲ. ಆಗ ಮೆಕ್ಸಿಕೊ ಜೊತೆ ಯುದ್ಧ ನಡೆದಿತ್ತು. ಅಮೆರಿಕದ ನೆಲದಲ್ಲಿ ಅಮೆರಿಕನ್ನರ ರಕ್ತ ಹರಿದಿದೆ ಅಂತ ಅಧ್ಯಕ್ಷ ಪೋಕ್ ಹೇಳಿದ್ದರು. ಆ ಜಾಗ ಯಾವುದು, ಅದು ನಿಜಕ್ಕೂ ನಮ್ಮದಾ ಅಂತ 1847ರ ಡಿಸೆಂಬರ್‌ನಲ್ಲಿ ಈ ಹೊಸ ಸದಸ್ಯ ನಿರ್ಣಯ ಮಂಡಿಸಿ ಕೇಳಿದರು. ಸೈನಿಕರ ಖರ್ಚಿಗೆ ಮಾತ್ರ ಅಡ್ಡಿ ಮಾಡಲಿಲ್ಲ. ಊರಲ್ಲಿ ಯುದ್ಧದ ಪರ ಇದ್ದವರೇ ಜಾಸ್ತಿ. ಅವರು ಕೇಳಿದ ‘ಸ್ಪಾಟ್’ (ಜಾಗ) ಹಿಡಿದುಕೊಂಡು ಎದುರಾಳಿಗಳು ‘ಸ್ಪಾಟಿ ಲಿಂಕನ್’ ಅಂತ ಹಂಗಿಸಿದರು. ವಕೀಲಿ ಕಚೇರಿಯ ಪಾಲುದಾರ ಹರ್ನ್‌ಡನ್ ಕೂಡ ಒಪ್ಪಲಿಲ್ಲ. ನೆರೆಯ ದೇಶದ ಮೇಲೆ ಯಾವಾಗ ದಾಳಿ ಮಾಡಬೇಕು ಎಂಬುದನ್ನು ಅಧ್ಯಕ್ಷರೊಬ್ಬರ ತೀರ್ಮಾನಕ್ಕೇ ಬಿಟ್ಟರೆ ಅವರ ಅಧಿಕಾರಕ್ಕೆ ಮಿತಿ ಎಲ್ಲಿ ಎಂದು ಲಿಂಕನ್ ಹರ್ನ್‌ಡನ್‌ಗೆ ಪತ್ರ ಬರೆದರು. ಆ ಎರಡು ವರ್ಷದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಈ ಪತ್ರವೇ.

1848ರಲ್ಲಿ ಅವರು ನಿಲ್ಲಲಿಲ್ಲ. ಅವರ ಬದಲು ನಿಂತ ಸ್ಟೀಫನ್ ಲೋಗನ್ ಸೋತರು. ಲಿಂಕನ್ ಆಸೆಪಟ್ಟಿದ್ದ ಭೂ ಇಲಾಖೆಯ ಮುಖ್ಯಸ್ಥನ ಹುದ್ದೆ ಬೇರೆಯವರ ಪಾಲಾಯಿತು. ಆರೆಗಾನ್‌ನ ಗವರ್ನರ್ ಹುದ್ದೆ ಬಂದಾಗ ಅವರೇ ಬೇಡ ಅಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಕೀಲಿ ಮುಂದುವರಿಸಿದರು. 1860ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದಾಗಲೂ ದೇಶದ ಸಂಸತ್ತಿನಲ್ಲಿ ಅವರಿಗಿದ್ದ ಅನುಭವ ಆ ಒಂದೇ ಅವಧಿಯದು.