ಶಿಗೆಲ್ಲ: ಹಿಂಬಾಗಿಲಿನಿಂದ ನುಗ್ಗುವ ಬ್ಯಾಕ್ಟೀರಿಯಾ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮಲ ಬರೀ ನೀರಿನಂತೆ ಹೋದರೆ ಭೇದಿ. ರಕ್ತ, ಲೋಳೆ ಬೆರೆತು ಹೋದರೆ ಆಮಶಂಕೆ. ಆಮಶಂಕೆಗೆ ಎಂಟಮೀಬ ಹಿಸ್ಟೊಲಿಟಿಕ ಎಂಬ ಅಮೀಬಾ ಕೂಡ ಕಾರಣವಾಗುತ್ತದೆ, ಆದರೆ ಅದು ಬ್ಯಾಕ್ಟೀರಿಯಾ ಅಲ್ಲ. ಇಲ್ಲಿ ನೋಡುವುದು ಆಮಶಂಕೆ ತರುವ ಬ್ಯಾಕ್ಟೀರಿಯಾ ಶಿಗೆಲ್ಲವನ್ನು ಮಾತ್ರ.

1897ರಲ್ಲಿ ಜಪಾನಿನಲ್ಲಿ ಆಮಶಂಕೆ ಜೋರಾಗಿ ಹಬ್ಬಿದಾಗ ಕಿಯೋಶಿ ಶಿಗಾ ಇದನ್ನು ಪತ್ತೆ ಹಚ್ಚಿದರು. ಹೆಸರು ಬಂದದ್ದು ಅವರಿಂದಲೇ. ಪ್ರಭೇದಗಳು ನಾಲ್ಕು: ಡಿಸೆಂಟ್ರಿಯೇ, ಫ್ಲೆಕ್ಸ್‌ನೆರಿ, ಬಾಯ್ಡಿ, ಸೊನ್ನೈ. ಕೊನೆಯ ಮೂರೂ ವಿಜ್ಞಾನಿಗಳ ಹೆಸರುಗಳೇ, ಹಾಗೆ ನೆನಪಿಟ್ಟುಕೊಂಡರೆ ಸುಲಭ.

ಇದರ ನಿಜವಾದ ತಾಕತ್ತು ಸಂಖ್ಯೆಯಲ್ಲಿದೆ. ಕಾಲರಾ ಹತ್ತಲು ಸಾಮಾನ್ಯವಾಗಿ ಲಕ್ಷಗಟ್ಟಲೆ, ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಒಳಗೆ ಹೋಗಬೇಕು. ಶಿಗೆಲ್ಲಕ್ಕೆ 10ರಿಂದ 100 ಸಾಕು! ಹೊಟ್ಟೆಯ ಆಮ್ಲವನ್ನು ಅದು ತಡೆದುಕೊಳ್ಳುತ್ತದೆ. ಹಾಗಾಗಿ ಕೆಟ್ಟ ನೀರೇ ಬೇಕೆಂದಿಲ್ಲ. ರೋಗಿಯ ಮಲ ತಾಗಿದ ಕೈ ಬಾಯಿಗೆ ಹೋದರೂ ಆಯಿತು, ಆ ಮಲದ ಮೇಲೆ ಕೂತ ನೊಣ ಅನ್ನದ ಮೇಲೆ ಕೂತರೂ ಆಯಿತು.

ಇನ್ನು ಎಲ್ಲರೂ ತಪ್ಪುವ ಭಾಗ. ಶಿಗೆಲ್ಲಕ್ಕೆ ಈಜಲು ಬಾಲವಿಲ್ಲ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳ ಮೇಲ್ಗಡೆಯಿಂದ ಅದು ಸುಲಭವಾಗಿ ಒಳಹೋಗಲಾರದು. ಆದರೆ ಆ ಪದರದಲ್ಲಿ ಅಲ್ಲಲ್ಲಿ ಎಂ ಕೋಶಗಳಿವೆ. ಕರುಳಿನಲ್ಲಿ ಸಿಕ್ಕಿದ್ದನ್ನು ಹಿಡಿದು ಕೆಳಗಿರುವ ರಕ್ಷಣಾ ಕೋಶಗಳಿಗೆ ಒಪ್ಪಿಸುವುದು ಅವುಗಳ ಕೆಲಸ. ಶಿಗೆಲ್ಲವನ್ನೂ ಹಾಗೇ ಒಪ್ಪಿಸುತ್ತವೆ. ಕೆಳಗೆ ಅದನ್ನು ನುಂಗಿದ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶ ತಾನೇ ಸಾಯುತ್ತದೆ, ಸಾಯುವಾಗ ಉರಿಯೂತದ ಸಂಕೇತ ಬಿಡುತ್ತದೆ. ಅದಕ್ಕೆ ಓಡಿಬರುವ ಬಿಳಿ ರಕ್ತಕಣಗಳು ಕೋಶಗಳ ನಡುವೆ ತೂರಿ ಪದರವನ್ನೇ ಸಡಿಲ ಮಾಡುತ್ತವೆ. ಆ ಸಂದಿಯಲ್ಲಿ ಇನ್ನಷ್ಟು ಶಿಗೆಲ್ಲ ನುಗ್ಗುತ್ತವೆ. ಕಾವಲುಗಾರನೇ ಬಾಗಿಲು ತೆಗೆದ ಹಾಗಾಯಿತು, ಅಲ್ವಾ?

ಈಗ ಅದು ಕೋಶದ ತಳಭಾಗದಲ್ಲಿದೆ. ಸೂಜಿಯಂಥ ರಚನೆಯಿಂದ ತನ್ನ ಪ್ರೋಟೀನ್‌ಗಳನ್ನು ಚುಚ್ಚುತ್ತದೆ, ಕೋಶ ಅದನ್ನು ಒಳಗೆಳೆದುಕೊಳ್ಳುತ್ತದೆ. ಸುತ್ತಿದ ಪೊರೆ ಒಡೆದು ಹೊರಬಂದ ಮೇಲೆ ಕೋಶದ ಆಕ್ಟಿನ್ ಎಂಬ ಪ್ರೋಟೀನ್‌ನಿಂದಲೇ ಹಿಂದೊಂದು ಬಾಲ ಕಟ್ಟಿಕೊಂಡು ಪಕ್ಕದ ಕೋಶಕ್ಕೆ ದೂಡಿಕೊಂಡು ಹೋಗುತ್ತದೆ. ಹೊರಗೆ ಬರದೇ ಹರಡುವುದರಿಂದ ಪ್ರತಿಕಾಯಗಳ ಕೈಗೆ ಸಿಗುವುದು ಕಷ್ಟ.

ರಕ್ತ ಬರುವುದಕ್ಕೆ ಶಿಗಾ ವಿಷವೇ ಕಾರಣ ಎಂದು ನಾನೂ ಮೊದಲು ಬರೆದುಕೊಂಡಿದ್ದೆ. ತಪ್ಪು. ಆ ವಿಷವನ್ನು ಮುಖ್ಯವಾಗಿ ಮಾಡುವುದು ಡಿಸೆಂಟ್ರಿಯೇಯ 1ನೇ ಬಗೆ. ಅದು ರೈಬೋಸೋಮ್ ಕೆಡಿಸಿ ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತದೆ, ಕೆಲವರಲ್ಲಿ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಆದರೆ ವಿಷ ಮಾಡದ ಪ್ರಭೇದಗಳಲ್ಲೂ ರಕ್ತ ಬರುತ್ತದೆ, ಏಕೆಂದರೆ ಕೋಶಗಳು ಸತ್ತು ಕರುಳಿನಲ್ಲಿ ಹುಣ್ಣಾಗಿರುತ್ತದೆ.

ಸೋಂಕು ತಗುಲಿ ಸಾಮಾನ್ಯವಾಗಿ 1ರಿಂದ 4 ದಿನಕ್ಕೆ ಜ್ವರ, ಹೊಟ್ಟೆ ನುಲಿತ ಶುರು. ಪದೇ ಪದೇ ಹೋಗಬೇಕೆನಿಸುತ್ತದೆ, ತಿಣುಕಿದರೂ ಬರುವುದು ಸ್ವಲ್ಪವೇ. ಹೋದ ನೀರು, ಉಪ್ಪಿಗೆ ಓಆರ್‌ಎಸ್ ಕೊಡುತ್ತಾರೆ, ಜೋರಾಗಿದ್ದರೆ ಆಂಟಿಬಯಾಟಿಕ್. ಭೇದಿ ನಿಲ್ಲಿಸುವ ಲೋಪೆರಮೈಡ್ ಥರದ ಮಾತ್ರೆ ಮಾತ್ರ ಬೇಡ ಅನ್ನುತ್ತಾರೆ. ಕರುಳಿನ ಚಲನೆ ನಿಧಾನವಾದರೆ ಶಿಗೆಲ್ಲ ಹೊರಹೋಗುವ ಬದಲು ಒಳಗೇ ಉಳಿಯುತ್ತದೆ.